ಅಳತೆಗೆ ಒಳಪಡದ ಭಾಗ

ವಿಧವಾ ವೇತನ ಕಚೇರಿಯ ಕಂಪ್ಯೂಟರ್ ಒಂದೊಂದು ಅರ್ಜಿಗೂ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು ಎಂಬುದು ದಾಖಲೆಯಲ್ಲಿರುವ ಸತ್ಯ. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಇದು ದಾಖಲೆ ಇಲ್ಲದೆಯೂ ಗೊತ್ತಿತ್ತು.

ಅದೇ ಬೆಂಚಿನಲ್ಲಿ ಸ್ವಂತ ಚಿಕ್ಕಮ್ಮ ಮೂರನೇ ದಿನವೂ ತೂಕಡಿಸುತ್ತಿದ್ದುದನ್ನು ಕಂಡು ಕಚೇರಿಯ ಪ್ರೋಗ್ರಾಮರಮ್ಮ ವಿಳಂಬದ ಮೂಲ ಹುಡುಕಲು ಹೊರಟಳು. ಅವಳಿಗೆ ಅನುಮಾನವಿದ್ದದ್ದು ಪ್ರೋಗ್ರಾಮಿನಲ್ಲಿ ಹೆಸರು ತಾಳೆ ನೋಡುವ ಭಾಗದ ಮೇಲೆ. ಪ್ರೋಗ್ರಾಮ್ ಓಡುತ್ತಿರುವಾಗಲೇ ಆ ಭಾಗದ ಹೊಸ್ತಿಲಲ್ಲಿ ಕೌಂಟರ್ ಚಾಲೂ ಮಾಡಿ, ದಾಟಿದ ಕೂಡಲೇ ನಿಲ್ಲಿಸಿದರೆ, ಯಂತ್ರ ಅಲ್ಲೆಷ್ಟು ಬೆವರು ಸುರಿಸಿತೆಂದು ತಿಳಿಯುತ್ತದೆ. ಅವಳು ಅನುಮತಿ ಕೇಳಿದಳು.

“ಕೌಂಟರ್ ನಿಲ್ಲಿಸೋದಾ? ಜನ ಗಾಜು ಒಡೀತಾರಮ್ಮ!” ಎಂದರು ನಿರ್ದೇಶಕರು.

“ಕಿಟಕಿಯಲ್ಲಿರೋ ಕೌಂಟರ್ ಅಲ್ಲ ಸರ್. ಇದು ಯಂತ್ರದೊಳಗೆ ಸಮಯ ಎಣಿಸೋದು.”

“ಹಾಗಾದ್ರೆ ಚಾಲೂ ಮಾಡೋಕೆ ಒಂದು ಅರ್ಜಿ, ನಿಲ್ಲಿಸೋಕೆ ಇನ್ನೊಂದು ಕೊಡಿ.”

ಚಾಲೂ ಆದೇಶ ಮರುದಿನವೇ ಬಂತು. ನಿಲ್ಲಿಸುವ ಆದೇಶ ಹದಿನೇಳು ದಿನ ಮೇಜಿಂದ ಮೇಜಿಗೆ ಅಲೆಯಿತು. ಅಷ್ಟೂ ದಿನ ಕೌಂಟರ್ ಸಿಕ್ಕಿದ್ದನ್ನೆಲ್ಲ ಎಣಿಸಿತು. ಕೊನೆಗೊಮ್ಮೆ ನೆಟ್ಟಗೆ ಅಳೆದಾಗ, ನಲವತ್ತರಲ್ಲಿ ಮೂವತ್ತೊಂಬತ್ತು ನಿಮಿಷ ಆ ಭಾಗಕ್ಕೇ ಹೋಗುತ್ತಿತ್ತು. ತೀರಿಕೊಂಡ ಗಂಡ ಎಲ್ಲಾದರೂ ಬದುಕಿದ್ದಾನೇನೋ ಎಂದು, ಅವನ ಹೆಸರನ್ನು ಊರಿನ ಗಂಡಸರೆಲ್ಲರ ಹೆಸರಿನೊಂದಿಗೆ ಪ್ರೋಗ್ರಾಮ್ ತಲಾ ನೂರು ಸಲ ಹೋಲಿಸುತ್ತಿತ್ತು. ಆ ಪ್ರೋಗ್ರಾಮ್ ಬರೆದವರು ನಿರ್ದೇಶಕರ ಬಾಮೈದ. ಗುತ್ತಿಗೆ, ಒಂದೊಂದು ಹೋಲಿಕೆಗೆ ಇಷ್ಟು ಹಣ ಎಂದು.

ವರದಿ ಓದಿದ ನಿರ್ದೇಶಕರು ಕನ್ನಡಕ ಒರೆಸಿಕೊಂಡರು. ಸಂಜೆಯೊಳಗೆ ಸುತ್ತೋಲೆ ಹೊರಟಿತು:

‘ಹೆಸರು ತಾಳೆಯ ಭಾಗ ಬಂದೊಡನೆ ಕೌಂಟರನ್ನು ನಿಲ್ಲಿಸತಕ್ಕದ್ದು. ಭಾಗ ಮುಗಿದ ನಂತರ ಚಾಲೂ ಮಾಡತಕ್ಕದ್ದು. ಅಳೆಯದ ಸಮಯವನ್ನು ಕಳೆದ ಸಮಯವೆಂದು ಪರಿಗಣಿಸತಕ್ಕದ್ದಲ್ಲ.’

“ಇದು ಉಲ್ಟಾ ಆಯ್ತಲ್ಲ ಸರ್?”

“ನೀವೇ ತಾನೇ ಒಂದು ಭಾಗ ಮಾತ್ರ ಅಳೀಬಹುದು ಅಂದದ್ದು?”

ಮರುದಿನದಿಂದ ಪ್ರತಿ ಅರ್ಜಿ ಒಂದೇ ನಿಮಿಷದಲ್ಲಿ ವಿಲೇವಾರಿಯಾಗತೊಡಗಿತು. ಕಚೇರಿಗೆ ಪ್ರಶಸ್ತಿ ಬಂತು. ಗುಮಾಸ್ತರು ತಮ್ಮ ಚಹಾ ವಿರಾಮವನ್ನೂ ಅಳತೆಯಿಂದ ಬಿಡಬೇಕೆಂದು ಮನವಿ ಕೊಟ್ಟರು, ಮಂಜೂರಾಯಿತು.

ಪ್ರೋಗ್ರಾಮರಮ್ಮ ಬೆಂಚಿನ ಬಳಿ ಹೋದಳು.

“ಚಿಕ್ಕಮ್ಮಾ, ಬೆಳಿಗ್ಗೆಯಿಂದ ಕಾಯ್ತಾನೇ ಇದೀಯಾ?”

ಚಿಕ್ಕಮ್ಮ ಗೋಡೆಯ ಮೇಲಿನ ‘ಅಳೆಯದ ಸಮಯ ಕಳೆದ ಸಮಯವಲ್ಲ’ ಎಂಬ ಹೊಸ ಫಲಕವನ್ನು ಗೌರವದಿಂದ ನೋಡಿದಳು.

“ಕೂತಿದೀನಿ ಕಣೇ,” ಎಂದಳು. “ಕಾದಿಲ್ಲ.”

ಪಕ್ಕದಲ್ಲಿದ್ದ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು.