ಯಾರ ಮಿಷಿನ್ನು ವಾಸಿ

ಮಂಗಳವಾರ ಬೆಳಿಗ್ಗೆ ಮರ್ವಿನ್ ಟ್ರೆಲೋರ್ ಕಟ್ಟಿಗೆ ಸೀಳಲೆಂದು ಕೊಡಲಿಯನ್ನು ತಲೆಯ ಮೇಲೆತ್ತಿದ. ಬೆನ್ನು ಹಿಡಿದುಕೊಂಡಿತು. ಕೊಡಲಿ ಮೇಲೆಯೇ ಉಳಿಯಿತು, ಮರ್ವಿನ್ನೂ ಹಾಗೆಯೇ ನಿಂತ. ಹೆಂಡತಿ ಗ್ಲೆಂಡಾ ಬಂದು ಮೊದಲು ಕೊಡಲಿಯನ್ನು ಇಳಿಸಿಕೊಂಡಳು, ಆಮೇಲೆ ಗಂಡನನ್ನು ಒಳಗೆ ನಡೆಸಿ ಮಲಗಿಸಿದಳು. ಈ ವರ್ಷ ಕೊಡಲಿ ಮುಟ್ಟಕೂಡದು ಎಂದರು ಡಾಕ್ಟರು.

"ಹಾಗಾದ್ರೆ ಮುಗೀತು," ಎಂದಳು ಗ್ಲೆಂಡಾ. "ಆ ಕಬ್ಬಿಣದ ಒಲೆ ಕಿತ್ತು ಹಾಕ್ಸಿ ಗೋಡೆಗೆ ಬಿಸಿಗಾಳಿ ಮಿಷಿನ್ನು ಹಾಕ್ಸೋಣ. ಶನಿವಾರ ಸಂಜೆ ಐದಕ್ಕೆ ಅದರೋನು ಫೋನ್ ಮಾಡ್ತಾನೆ. ಅಷ್ಟ್ರಲ್ಲಿ ಚಳಿಗಾಲಕ್ಕಾಗೋಷ್ಟು ಸೀಳಿದ ಕಟ್ಟಿಗೆ ಶೆಡ್ಡಲ್ಲಿದ್ರೆ ನಿನ್ನ ಒಲೆ ಇರುತ್ತೆ. ಇಲ್ಲಾಂದ್ರೆ ನಾನು ಹೂಂ ಅಂದ್ಬಿಡ್ತೀನಿ."

ಜೂನಿನಲ್ಲಿ ಚಳಿ ಶುರುವಾಗುವ ಹ್ಯೂಅನ್ ಕಣಿವೆಯ ಇಪ್ಪತ್ತೆಂಟು ಚಳಿಗಾಲಗಳನ್ನು ಮರ್ವಿನ್ ಆ ಒಲೆಯ ಮುಂದೆ ಕಾಲು ಚಾಚಿಯೇ ಕಳೆದಿದ್ದ. ಬೆಂಕಿಯನ್ನಾದರೆ ನೋಡುತ್ತ ಕೂರಬಹುದು, ಗೋಡೆಯ ಮೇಲಿನ ಬಿಳಿ ಡಬ್ಬವನ್ನು ಯಾರು ನೋಡುತ್ತ ಕೂರುತ್ತಾರೆ? ಹಾಸಿಗೆಯಲ್ಲಿದ್ದುಕೊಂಡೇ ಒಣ ದಿಮ್ಮಿಗಳ ಒಂದು ಲೋಡಿಗೆ ಫೋನ್ ಮಾಡಿದ. ಎದ್ದು ಓಡಾಡುವಂತಾದ ಕೂಡಲೇ ಕಟ್ಟಿಗೆ ಸೀಳುವ ಹೈಡ್ರಾಲಿಕ್ ಯಂತ್ರವೊಂದನ್ನು ಕೊಂಡೇ ತೀರುವುದೆಂದು ನಿಶ್ಚಯಿಸಿದ. ಗುರುವಾರ ಮಧ್ಯಾಹ್ನ ಶೆಡ್ಡಿನ ಹಿಂದೆ ಲಾರಿಯೊಂದು ದಿಮ್ಮಿ ಸುರಿದ ಸದ್ದು ಕೇಳಿದಾಗ ಅರ್ಧ ಬೆನ್ನುನೋವು ಅಲ್ಲೇ ಇಳಿಯಿತು.

ಶನಿವಾರ ಬೆಳಿಗ್ಗೆ ಕೋಲೂರಿಕೊಂಡು ಹೋಗಿ ನೋಡಿದ. ಆಳೆತ್ತರದ ದಿಮ್ಮಿಗಳು, ಒಂದೇ ದಪ್ಪ, ಒಂದು ಗಂಟಿಲ್ಲ, ಒಂದು ಸೊಟ್ಟಿಲ್ಲ. ಇಂಥ ಮರ ಕಳಿಸಿದ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ ಎಂದುಕೊಂಡ.

ಅಲ್ಲಿಂದ ಅವನು ನೆಟ್ಟಗೆ ಅಂಗಡಿಗೆ ಹೋಗಬೇಕಿತ್ತು. ಹೋಗದೆ, ಬೇಲಿಯಾಚೆಯ ಡಗಲ್ ಹಸ್ಕಿಸನ್ನನನ್ನು ಕೇಳಿದ. ಆ ಕಣಿವೆಯಲ್ಲಿ ಒಬ್ಬನ ವಯಸ್ಸು ಕೇಳಬಹುದು, ಯಾರಿಗೆ ಓಟು ಹಾಕಿದೆ ಎಂದೂ ಕೇಳಬಹುದು. ಸೀಳುವ ಯಂತ್ರ ಯಾವುದು ವಾಸಿ ಎಂದು ಮಾತ್ರ ಕೇಳಬಾರದು.

"ಪೆಟ್ರೋಲಿಂದು ತಗೋ, ಮೂವತ್ತು ಟನ್ ಒತ್ತೋ ಅಂಥದ್ದು," ಎಂದ ಡಗಲ್. ಮೂವತ್ತು ವರ್ಷ ಮರದ ಮಿಲ್ಲಿನಲ್ಲಿ ದುಡಿದವನು. "ಅದಕ್ಕಿಂತ ಕಮ್ಮಿದಾದ್ರೆ ಬೆಣ್ಣೆ ಕೊಯ್ಯೋಕೆ ಇಟ್ಕೋಬೇಕು."

ಎದುರು ಮನೆಯ ಬೆವ್ ಕ್ರಂಪ್ ನಾಯಿ ತಿರುಗಾಡಿಸುತ್ತ ಬಂದವಳು ನಿಂತಳು. ಅವಳು ನಿವೃತ್ತ ನರ್ಸು. ಕರೆಯದಿದ್ದರೂ ಬಂದು ನಾಡಿ ಹಿಡಿಯುವ ಅಭ್ಯಾಸ.

"ಮೂವತ್ತು ಟನ್ನು ಯಾಕಪ್ಪಾ, ಬೆಟ್ಟ ಸೀಳ್ತೀಯಾ? ಕರೆಂಟಿಂದು ತಗೋ ಮರ್ವ್. ಹತ್ತು ಟನ್ ಧಾರಾಳ. ಸದ್ದಿಲ್ಲ, ಹೊಗೆಯಿಲ್ಲ, ಪಕ್ಕದ ಮನೆಯೋರ ಶಾಪವೂ ಇಲ್ಲ."

"ಅದು ಮಕ್ಕಳಾಟಿಕೆ ಕಣೆ."

"ನನ್ನ ಆಟಿಕೆ ಗುಂಡಿ ಒತ್ತಿದ್ರೆ ಶುರುವಾಗುತ್ತೆ. ನಿಂದು ಶುರುವಾಗೋದ್ರೊಳಗೆ ನಾನು ಕಟ್ಟಿಗೆ ಉರಿಸಿ ಬೂದಿ ಎತ್ತಿರ್ತೀನಿ."

ಹತ್ತೇ ನಿಮಿಷದಲ್ಲಿ ಎರಡು ಯಂತ್ರಗಳೂ ಮರ್ವಿನ್ನನ ಅಂಗಳದಲ್ಲಿದ್ದವು. "ನಾನು ಸುಮ್ನೆ ಅಂಗಡಿಗೆ ಹೋಗಿ..." ಎಂದು ಮರ್ವಿನ್ ಬಾಯಿ ತೆಗೆಯುವಷ್ಟರಲ್ಲಿ ಡಗಲ್ ಚೈನ್ ಗರಗಸ ಹಿಡಿದು ದಿಮ್ಮಿಗಳನ್ನು ಮೊಳದುದ್ದಕ್ಕೆ ತುಂಡು ಮಾಡತೊಡಗಿದ್ದ.

ಮರ್ವಿನ್ ಬುದ್ಧಿವಂತನೆಂದು ಹೆಸರಾದವನಲ್ಲ. ಊರ ಕೃಷಿ ಮೇಳದ ಸಮಿತಿಗೆ ಅವನು ತಿಂಗಳಿಗೊಮ್ಮೆ ಹೋಗುತ್ತಿದ್ದುದೇ ಅಲ್ಲಿ ಕೊಡುವ ಶುಂಠಿ ಬಿಸ್ಕತ್ತಿಗಾಗಿ. ಆದರೆ ಆ ದಿನ ಅವನ ತಲೆಯಲ್ಲೂ ದೀಪ ಹತ್ತಿತು. ಬೆವ್ ಬಳಿ ಹೋಗಿ, "ಡಗಲ್ದು ಸ್ವಲ್ಪ ಚುರುಕು ಅಲ್ವಾ?" ಎಂದ. ಡಗಲ್ ಬಳಿ ಹೋಗಿ, "ಬೆವ್ ಆಗ್ಲೇ ಎಪ್ಪತ್ತು ತುಂಡು ಮುಗಿಸಿದ್ಲು, ಪಾಪ ನಿಂದು ಹಳೇದು," ಎಂದ. ಉರಿಯುವ ಬೆಂಕಿಗೆ ಹೀಗೆ ತುಪ್ಪ ಹೊಯ್ಯುತ್ತ ಕುರ್ಚಿ ಹಾಕಿಕೊಂಡು ಕೂತ.

ಬೆವ್ ಎಳೆದ ವಯರಿನಿಂದ ಫ್ಯೂಸ್ ಹಾರಿ ಗ್ಲೆಂಡಾಳ ಕೇಕು ಕರೆಂಟ್ ಓವನ್ನಿನೊಳಗೇ ಕುಸಿದು ಕೂತಿತು. ಡಗಲ್‌ನ ಯಂತ್ರ ನಡುಗುತ್ತ ನಡುಗುತ್ತ ತಾನಾಗಿ ನಿಂಬೆ ಗಿಡದವರೆಗೆ ನಡೆದುಹೋಯಿತು. ಅದನ್ನು ಹಿಡಿಯಹೋದವನ ಟೊಪ್ಪಿ ಮರ ಸೀಳುವ ಬೆಣೆಯ ಬಾಯಿಗೆ ಬಿದ್ದು ನೀಟಾಗಿ ಎರಡು ಹೋಳಾಯಿತು.

"ಟೊಪ್ಪಿಗಾದ್ರೆ ಮೂವತ್ತು ಟನ್ ಬೇಕೇ ಬೇಕು, ಒಪ್ಕೊಂಡೆ," ಎಂದಳು ಬೆವ್. ಮುಂದಿನ ತುಂಡನ್ನೆತ್ತಿದವಳು ಸ್ವಲ್ಪ ತಡೆದಳು. "ಅಲ್ಲ ಮರ್ವ್, ಇದು ಹಸಿ ಇದ್ದಂಗಿದೆಯಲ್ಲ? ತುದೀಲಿ ನೀಲಿ ನಂಬರು ಬೇರೆ ಬರ್ದಿದೆ."

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದ ಡಗಲ್. ಬೆವ್ ಹಲ್ಲು ಕಚ್ಚಿಕೊಂಡು ತುಂಡನ್ನು ಯಂತ್ರಕ್ಕಿಟ್ಟಳು. ನಂಬರಿನ ಮಾತು ಅಲ್ಲಿಗೇ ನಿಂತಿತು.

ನಾಲ್ಕೂವರೆಗೆ ಶೆಡ್ಡು ಸೂರಿನವರೆಗೆ ತುಂಬಿತ್ತು. ಗ್ಲೆಂಡಾ ಬಂದು ನೋಡಿದಳು. ಐದಕ್ಕೆ ಫೋನ್ ಬಂತು, ಗ್ಲೆಂಡಾ ಎತ್ತಿಕೊಂಡಳು.

"ಬೇಡಪ್ಪಾ, ಒಲೆ ಇರ್ಲಿ. ಏನು, ಇವತ್ತು ಬಿಟ್ರೆ ಸೆಪ್ಟೆಂಬರಿಗೇನಾ? ಚಳಿಯೆಲ್ಲ ಮುಗಿದ್ಮೇಲೆ ಯಾರಿಗ್ ಬೇಕು, ಬಿಡು."

ಮರ್ವಿನ್ನನಿಗೆ ಆನಂದದಿಂದ ಕಣ್ಣು ತುಂಬಿ ಬಂತು. ಯಂತ್ರ ಕೊಳ್ಳಲಿಲ್ಲ, ಸೊಂಟ ಬಗ್ಗಿಸಲಿಲ್ಲ, ಒಲೆ ಉಳಿಯಿತು.

ಅಷ್ಟರಲ್ಲಿ ಟ್ರೇಲರ್ ಎಳೆದುಕೊಂಡು ಕ್ಲೆಮ್ ರ್‍ಯಾಗ್ ಬಂದ. ಮೇಳದಲ್ಲಿ ನಡೆಯುವ ದಿಮ್ಮಿ ಕಡಿಯುವ ಪಂದ್ಯದ ಉಸ್ತುವಾರಿ ಅವನದು.

"ಪಂದ್ಯದ ದಿಮ್ಮಿ ತಗೊಂಡು ಹೋಗೋಣ ಅಂತ ಬಂದೆ ಮರ್ವ್. ಗುರುವಾರ ಹಾಕಿಸಿದ್ನಲ್ಲ, ನಲವತ್ತು. ಇಡೀ ಕಾಡು ಹುಡುಕಿ ಒಂದೊಂದೇ ಆರಿಸಿ ನೀಲಿ ನಂಬರು ಹಾಕಿದ್ದೆ."

ಡಗಲ್ ನಿಂಬೆ ಗಿಡ ನೋಡಿದ, ಬೆವ್ ನಾಯಿಯನ್ನು ನೋಡಿದಳು.

"ನನ್ನ ಶೆಡ್ಡಿನ ಹಿಂದೆ ಯಾಕೆ ಹಾಕಿಸ್ದೆ?" ಎಂದ ಮರ್ವಿನ್, ಅರ್ಧ ದನಿಯಲ್ಲಿ.

"ದಿಮ್ಮಿ ಒಣಗದ ಹಾಗೆ ಯಾರ ಮನೆ ನೆರಳಲ್ಲಿ ಇಡೋಣ ಅಂತ ಮೀಟಿಂಗಲ್ಲಿ ಕೇಳ್ದಾಗ ಕೈ ಎತ್ತಿದ್ದು ಯಾರು?"

"ಅದು... ಬಿಸ್ಕತ್ತಿನ ತಟ್ಟೆ ಈ ಕಡೆ ಕೊಡಿ ಅಂತ."

ಕ್ಲೆಮ್ ಶೆಡ್ಡಿನೊಳಗೆ ಇಣುಕಿದ. ಹದಿನೇಳನೆಯ ನಂಬರಿನ ದಿಮ್ಮಿಯ ಒಂದು ಸೀಳನ್ನೆತ್ತಿ ಕೂಸನ್ನು ಹಿಡಿದಂತೆ ಎದೆಗೊತ್ತಿಕೊಂಡ. ಆಮೇಲೆ ಹೇಳಿದ: "ಸಮಿತಿ ಮರ ಇದು. ಪಬ್ಬಲ್ಲಿ ಲಕ್ಕಿ ಡ್ರಾಗೆ ಇಡ್ತೀನಿ, ಮುಂದಿನ ವರ್ಷಕ್ಕೆ ಒಣಗಿರುತ್ತೆ. ಹೊಸ ದಿಮ್ಮಿ ಖರ್ಚಾದ್ರೂ ಹುಟ್ಟುತ್ತೆ. ತುಂಬ್ರಿ ಟ್ರೇಲರಿಗೆ."

ನಾಲ್ಕು ಸಲ ಟ್ರೇಲರ್ ಹೋಗಿ ಬಂತು. ಶೆಡ್ಡಿನಲ್ಲಿ ಉಳಿದದ್ದು ಗರಗಸದ ಹೊಟ್ಟು ಮಾತ್ರ. ಕೊನೆಯ ಟ್ರೇಲರ್ ಗೇಟು ದಾಟುತ್ತಿದ್ದಂತೆ ಎದುರಿನಿಂದ ಲಾರಿಯೊಂದು ಒಳಗೆ ಬಂತು.

"ಲಾರಿ ಕೆಟ್ಟಿತ್ತು, ಎರಡು ದಿನ ತಡವಾಯ್ತು," ಎಂದ ಡ್ರೈವರು, ಮರ್ವಿನ್ ಹೇಳಿದ್ದ ಲೋಡನ್ನು ಸುರಿಯುತ್ತ. ಮರ ಒಣಗಿತ್ತೇನೋ ನಿಜ. ಬುಡದ ಮೋಟುಗಳು, ಹಗ್ಗದಂತೆ ಹೊಸೆದುಕೊಂಡವು, ಗಂಟಿನ ಮೇಲೆ ಗಂಟು. ಒಂದು ಮೋಟು ಉರುಳಿಬಂದು ಡಗಲ್‌ನ ಬೂಟಿಗೆ ತಾಗಿ ಕಲ್ಲಿನಂತೆ ಠಣ್ಣೆಂದಿತು.

ಮರ್ವಿನ್ ಆಸೆಯಿಂದ ಇಬ್ಬರ ಮುಖವನ್ನೂ ನೋಡಿದ.

ಡಗಲ್ ಕೆಮ್ಮಿದ. "ನಿಜ ಹೇಳ್ಬೇಕು ಅಂದ್ರೆ ಮರ್ವ್, ಇಂಥ ಮರಕ್ಕೆ ಬೆವ್ ಮಿಷಿನ್ನೇ ಸರಿ."

"ಛೆ ಛೆ, ಎಲ್ಲಾದ್ರೂ ಉಂಟಾ," ಎಂದಳು ಬೆವ್. "ಮೂವತ್ತು ಟನ್ ಇರೋದು ಡಗಲ್ ಹತ್ರ. ನಂದು ಆಟಿಕೆ."

"ಹಾಗನ್ಬೇಡ, ಒಳ್ಳೇ ಮಿಷಿನ್ನು ನಿಂದು."

"ನಿಂದರ ಮುಂದೆ ಏನೂ ಅಲ್ಲ ಬಿಡಪ್ಪಾ."

ಹೀಗೆ ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತ ಇಬ್ಬರೂ ತಂತಮ್ಮ ಯಂತ್ರಗಳನ್ನು ತಳ್ಳಿಕೊಂಡು ಮನೆಗೆ ಹೋದರು.

ಗ್ಲೆಂಡಾ ಎರಡು ಕಂಬಳಿ ಹಿಡಿದು ಹೊರಗೆ ಬಂದಳು. ಒಂದನ್ನು ತಾನು ಹೊದ್ದು ಇನ್ನೊಂದನ್ನು ಗಂಡನ ಹೆಗಲಿಗೆ ಹಾಕಿದಳು.

"ಬಾ ಮರ್ವ್," ಎಂದಳು, "ಒಲೆಯಂತೂ ಉಳೀತಲ್ಲ. ಅದನ್ನೇ ನೋಡ್ತಾ ಕೂರೋಣ."