ಮಾಮಾ ಕೇಳಿದ ಅಳತೆ

ತಾಯಿಯ ತಮ್ಮ, ನಮ್ಮ ಮಾಮಾ, ಸಿಕ್ಕವರನ್ನೆಲ್ಲ ಮಾತಾಡಿಸುತ್ತಾರೆ; ಮಾತಾಡಲು ಮಾತ್ರ ಬಿಡುವುದಿಲ್ಲ! ಇಂಥವರು ಬೀದರಿನಲ್ಲಿ ಸ್ಟಾರ್ಟಪ್ ತೆರೆದರೆ ಏನಾದೀತು?

ತೆರೆದೇ ಬಿಟ್ಟರು. ಹಳ್ಳಿಯ ಹೆಂಗಸರು ಫೋನಿನಲ್ಲೇ ಅಳತೆ ಬರೆದು ಕಳಿಸಬೇಕು, ನಾವು ಜಂಪರ್, ಅಂದರೆ ರವಿಕೆ, ಹೊಲಿದು ಬಸ್ಸಿಗೆ ಹಾಕಬೇಕು. ಆ್ಯಪ್ ಮಾಡಿದವನು ನಾನು. ಹೊಲಿಯಲು ಬಂದವರು, ಇದ್ದ ಕೆಲಸ ಬಿಟ್ಟು ಮಾಮಾನನ್ನು ನಂಬಿದ ಟೇಲರ್ ಮಾಸ್ಟರ್. ತಿಂಗಳಾದರೂ ಒಂದು ಆರ್ಡರ್ ಇಲ್ಲ. ಮಾಸ್ಟರ್ ಸುಮ್ಮನೆ ಮಷೀನಿಗೆ ಎಣ್ಣೆ ಬಿಡುತ್ತಾ ಕೂತರು. ಕೊನೆಗೊಂದು ದಿನ, "ಶುಕ್ರವಾರ ತನಕ ನೋಡ್ತೇನ್ರಿ ಸಾಬ್. ಆಮ್ಯಾಲ ಹಳೇ ಮಾಲಕರ ಕಡಿ ಹೋಗ್ತೇನಿ," ಎಂದರು. ಅವರು ಹೋದರೆ ಅಂಗಡಿಯೂ ಹೋದಂತೆ. ನಾನು ಮಾಮಾನ ಬಳಿ ಹೋದೆ.

"ಗಿರಾಕಿಗೋಳಿಗಿ ಕೇಳಿ ನೋಡೂಣ್ರಿ ಮಾಮಾ."

"ಅವ್ರಿಗೇನ ಗೊತ್ತದ? ನಾವೇ ತಿಳಿಸಿ ಹೇಳಬೇಕು."

ಬೈಕ್ ಹತ್ತಿದೆವು. ಔರಾದ್ ಬಸ್ ನಿಲ್ದಾಣದಲ್ಲಿ ಮಾಮಾನ ಭಾಷಣಕ್ಕೆ ಜನವೋ ಜನ. ಬಸ್ಸು ಬಂದೊಡನೆ ಎಲ್ಲರೂ ಹತ್ತಿ ಹೋದರು. ಭಾಲ್ಕಿ ಕಡೆಯ ಹಲಬರ್ಗಾದಲ್ಲಿ ಒಬ್ಬಾಕೆ ಬಾಯಿ ತೆರೆದಳು: "ಅಲ್ರೀ, ಅದು..." ಮಾಮಾ ಅಷ್ಟರಲ್ಲೇ, "ಗೊತ್ತಾತು ಬಿಡವ್ವಾ, ಮನ್ಯಾಗ ಟೇಪ್ ಇಲ್ಲ, ಹೌದಿಲ್ಲೋ?" ಎಂದು ಆಕೆಯ ಕೈಗೊಂದು ಅಳತೆ ಟೇಪು ತುರುಕಿದರು. ನಾನು ಆಕೆಯ ನಂಬರ್ ಬರೆದುಕೊಂಡು, ಹಲ್ಲು ಕಚ್ಚಿಕೊಂಡು ಬೈಕ್ ಏರಿದೆ.

ಗುರುವಾರ ಸಂಜೆ ಮಾಮಾನ ಗಂಟಲು ಕಟ್ಟಿತು. ಮಾತೇ ಹೊರಡದು! ಬಿಸಿನೀರು ತಂದ ಅವರ ಹೆಂಡತಿ, ನಮ್ಮ ಅತ್ತೆ, ಬಾಗಿಲಲ್ಲೇ ನಿಂತರು.

"ನಿಮ್ಮ ಆ್ಯಪ್‌ನಾಗ ನಾನೂ ಅಳತಿ ಹಾಕಿಲ್ರಿ."

ಮಾಮಾ ಕೈ ತಿರುಗಿಸಿ, ಯಾಕೆ ಎಂದು ಸನ್ನೆ ಮಾಡಿದರು. ಮದುವೆಯಾದಾಗಿನಿಂದ ಅವರು ಹೆಂಡತಿಯನ್ನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

"ಮೈ ಅಳತಿ ಗುರ್ತಿಲ್ಲದೋರಿಗಿ ಬರದು ಕಳಸಂದ್ರ ಹ್ಯಾಂಗ್ರಿ? ಸರಿ ಕೂತ ಹಳೇ ಜಂಪರ್ ಒಂದು ಟೇಲರ್‌ಗಿ ಕೊಡ್ತೇವಿ. ಇದ್ರಂಗ ಹೊಲಿ ಅಂದ್ರ ಮುಗೀತು."

ನಾನು ಆಗಿಂದಾಗಲೇ ಹಲಬರ್ಗಾದ ಆಕೆಗೆ ಫೋನ್ ಮಾಡಿ, ಅಳತೆ ಬೇಡ, ಸರಿ ಕೂತ ಹಳೆಯ ಜಂಪರ್ ಬಸ್ಸಿಗೆ ಹಾಕಿ ಎಂದೆ. ಶುಕ್ರವಾರ ಮಧ್ಯಾಹ್ನದವರೆಗೂ ಬೀದರ್ ಬಸ್ ನಿಲ್ದಾಣದಲ್ಲಿ ಕಾದೆ. ಬಂದ ಬಸ್ಸುಗಳೆಲ್ಲ ಖಾಲಿ ಕೈಯಲ್ಲೇ ಬಂದವು. ಅಂತೂ ಒಂದರಿಂದ ಹಳೆಯ ಜಂಪರ್ ತುಂಬಿದ ಚೀಲ ಇಳಿಯಿತು. ಟೇಪು ಪಡೆದಾಕೆಯೇ ಓಣಿಯಿಂದ ಕೂಡಿಸಿ ಕಳಿಸಿದ್ದಳು. ಸಾಮಾನು ಕಟ್ಟಿಟ್ಟಿದ್ದ ಮಾಸ್ಟರ್ ಗಂಟು ಬಿಚ್ಚಿ ಸೂಜಿಗೆ ದಾರ ಪೋಣಿಸಿದರು.

ಗಂಟಲು ತುಸು ಬಿಟ್ಟ ಮೇಲೆ ಮಾಮಾ ಅತ್ತೆಯನ್ನು ಕೇಳಿದರು, "ನಿಂದು ಹ್ಯಾಂಗ ಹೊಲಸ್ಲಿ?" ಕೇಳಿ ಸುಮ್ಮನಾದರು. ನಿಜವಾಗಿಯೂ ಸುಮ್ಮನಾದರು.

"ಬಲಗೈ ತೋಳು ಸಡ್ಲ ಇರ್ಲಿ. ಕೈ ಮ್ಯಾಲ ಏಳಂಗಿಲ್ರಿ."

"ಯಾವಾಗಿಂದ?"

"ಭಾಳ ದಿನ ಆತು."

ಮಾಮಾ ಎದ್ದು ಅಡುಗೆಮನೆಗೆ ಹೋದರು. ಮೇಲಿನ ಹಲಗೆಯ ಡಬ್ಬಿಗಳನ್ನೆಲ್ಲ ಇಳಿಸಿ, ಯಾವುದು ಎಲ್ಲಿರಬೇಕೆಂದು ಅತ್ತೆಯನ್ನು ಕೇಳಿ ಕೇಳಿ, ಅವರ ಕೈಗೆ ಎಟಕುವಲ್ಲಿ ಇಟ್ಟರು.