ಇದ್ದಲ್ಲಿಯೇ ಇರತಕ್ಕ ಸೀಟು

ಯಾದಗಿರಿಯ ಚರಾಸ್ತಿ ವಿಲೀನ ಉಪಕಚೇರಿಯ ಕರಿ ಮೋಟಾರಿನಲ್ಲಿ ಚಾಲಕನ ಸೀಟಿಗೂ ಸ್ಟೇರಿಂಗಿಗೂ ನಡುವೆ ಇಪ್ಪತ್ತಾರು ಇಂಚು ಅಂತರವಿರತಕ್ಕದ್ದು ಎಂಬುದು 1956ನೆಯ ಇಸವಿ ಅಕ್ಟೋಬರ್ 31ರ ಸಂಜೆ ಶಾಶ್ವತವಾಗಿ ತೀರ್ಮಾನವಾಯಿತು. ಮರುದಿನದಿಂದ ಅದನ್ನು ಓಡಿಸಬೇಕಾಗಿದ್ದ ಸಾಬಣ್ಣನ ಎತ್ತರ ನಾಲ್ಕು ಅಡಿ ಹತ್ತು ಇಂಚು ಎಂಬುದೂ ಅಷ್ಟೇ ನಿಜವಾಗಿತ್ತು. ಆದರೆ ಅದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ.

ಮರುದಿನ ಬೆಳಗಾದರೆ ಹೈದರಾಬಾದ್ ರಾಜ್ಯ ಇರುತ್ತಿರಲಿಲ್ಲ. ಅದರ ಒಂದು ತುಂಡು ಆಂಧ್ರಕ್ಕೆ, ಒಂದು ಮುಂಬಯಿಗೆ, ನಮ್ಮ ಕಡೆಯದು ಮೈಸೂರಿಗೆ. ನೆಲ ಹಂಚುವುದು ಸುಲಭ, ಅದು ಇದ್ದಲ್ಲೇ ಇರುತ್ತದೆ. ಕುರ್ಚಿ, ಮಸಿಕುಡಿಕೆ, ಮೋಟಾರುಗಳದ್ದೇ ತಾಪತ್ರಯ. ಅವು ಯಾರ ಪಾಲಿಗೆ ಎಂದು ಮೂರೂ ರಾಜ್ಯಗಳು ಕೂತು ಇತ್ಯರ್ಥ ಮಾಡುವವರೆಗೆ ಪ್ರತಿಯೊಂದು ವಸ್ತುವೂ ಆ ಸಂಜೆ ಹೇಗಿತ್ತೋ ಹಾಗೆಯೇ ಇರಬೇಕೆಂದು ಸುತ್ತೋಲೆ ಬಂತು. ಅದರ ಮೂರನೆಯ ನಿಯಮ ಹೀಗಿತ್ತು: "ಕಂಡದ್ದನ್ನು ಕಂಡಂತೆ ಪಟ್ಟಿ ಮಾಡತಕ್ಕದ್ದು. ಸ್ವಂತ ಬುದ್ಧಿಯನ್ನು ಉಪಯೋಗಿಸತಕ್ಕದ್ದಲ್ಲ." ಗುಮಾಸ್ತ ಬಸವಂತ್ರಾಯರು ಇಪ್ಪತ್ತು ವರ್ಷದ ನೌಕರಿಯಲ್ಲಿ ಪಾಲಿಸಲು ಇಷ್ಟು ಸಲೀಸಾದ ನಿಯಮವನ್ನು ಕಂಡಿರಲಿಲ್ಲ.

ಅವರು ಟೇಪು ಹಿಡಿದು ಮೋಟಾರನ್ನು ಒಳಗೂ ಹೊರಗೂ ಅಳೆದರು. ಆ ಹೊತ್ತಿಗೆ ಹಳೆಯ ಡ್ರೈವರ್ ಸುಲ್ತಾನಸಾಬರು ಸೀಟಿನಲ್ಲಿಯೇ ಕುಳಿತು ಚಹಾ ಕುಡಿಯುತ್ತಿದ್ದರು. ಅವರು ನಿವೃತ್ತರಾಗುವ ದಿನವೂ ಅದೇ ಆಗಿತ್ತು. ಇಳಿಯಬೇಕೆಂಬ ಕಾಗದ ಇನ್ನೂ ಕೈಗೆ ಬಂದಿರಲಿಲ್ಲವಾದ್ದರಿಂದ ಇಳಿಯಲಿಲ್ಲ. ಆರು ಅಡಿ ಎರಡು ಇಂಚಿನ ಆಳು. ಸೀಟನ್ನು ಪೂರಾ ಹಿಂದಕ್ಕೆ ತಳ್ಳಿಕೊಂಡು ಹದಿನೆಂಟು ವರ್ಷ ಓಡಿಸಿದವರು. ಬಸವಂತ್ರಾಯರು ಅವರನ್ನು ಮಾತಾಡಿಸದೆ ಸುತ್ತಲೂ ಅಳೆದು, ಪಟ್ಟಿಗೆ ರುಜು ಹಾಕಿ, ಲಕೋಟೆ ಅಂಟಿಸಿ ಮೇಲಕ್ಕೆ ಕಳಿಸಿದರು.

ದೋರನಹಳ್ಳಿಯ ಸಾಬಣ್ಣ ಅದಕ್ಕೆ ಮೊದಲು ಅರಳೆ ಫ್ಯಾಕ್ಟರಿಯ ಲಾರಿ ಓಡಿಸುತ್ತಿದ್ದ. ಸರ್ಕಾರಿ ನೌಕರಿ ಎಂದರೆ ಹೆಂಡತಿ ಭೀಮವ್ವನಿಗೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಆದರೆ ಅವನದು ಸದ್ಯಕ್ಕೆ ಹಂಗಾಮಿ. ಯುಗಾದಿಯವರೆಗೆ ಒಂದೂ ಅಪಘಾತವಿಲ್ಲದೆ ಓಡಿಸಿದರೆ ಕಾಯಂ, ಒಂದಾದರೂ ಮನೆಗೆ, ಎಂದು ಆದೇಶದಲ್ಲಿತ್ತು. ಸಾಬಣ್ಣನಿಗೆ ಜೀವಮಾನದಲ್ಲಿ ಬೇರೆ ಯಾವ ಆಸೆಯೂ ಅಷ್ಟು ಬಲವಾಗಿ ಹುಟ್ಟಿರಲಿಲ್ಲ.

ಮೊದಲ ದಿನ ಸೀಟಿನಲ್ಲಿ ಕುಳಿತವನಿಗೆ ರಸ್ತೆ ಕಂಡಿತು, ಕಾಲು ಬ್ರೇಕಿಗೆ ಮುಟ್ಟಲಿಲ್ಲ. ಕೆಳಕ್ಕೆ ಜಾರಿದರೆ ಕಾಲು ಮುಟ್ಟಿತು, ರಸ್ತೆ ಕಾಣಲಿಲ್ಲ. ಕನ್ನಡಿಯಲ್ಲಿ ಮೋಟಾರಿನ ಚಾವಣಿಯ ಬಟ್ಟೆ ಮಾತ್ರ ಕಾಣುತ್ತಿತ್ತು. ಅವನು ನೇರವಾಗಿ ಸಾಹೇಬರ ಹತ್ತಿರ ಹೋದ. ಸಾಹೇಬರಾದ ಮಹಾದೇವಪ್ಪನವರು ಮದ್ದೂರಿನ ಕಡೆಯವರು, ಮೃದು ಸ್ವಭಾವದವರು, ಕಾಗದದಲ್ಲಿಲ್ಲದ ಯಾವುದನ್ನೂ ನಂಬದವರು.

"ಸಾಹೇಬ್ರ, ನೋಡಬೇಕಂದ್ರ ನಿಲ್ಲಸಾಕ ಬರೂದಿಲ್ಲರಿ. ನಿಲ್ಲಸಬೇಕಂದ್ರ ನೋಡಾಕ ಬರೂದಿಲ್ಲ."

"ಎರಡನ್ನೂ ಒಟ್ಟಿಗೇ ಮಾಡಬೇಕು ಅಂತ ಯಾವ ನಿಯಮದಲ್ಲಿದೆ, ಸಾಬಣ್ಣ?" ಎಂದು ಮಹಾದೇವಪ್ಪನವರು ಕೇಳಿದರು. ಕೆಣಕುವುದಕ್ಕಲ್ಲ, ತಿಳಿದುಕೊಳ್ಳುವುದಕ್ಕೆ.

ಬಸವಂತ್ರಾಯರು ನಿಯಮಗಳನ್ನು ತಿರುವಿ ಹಾಕಿ, ಹಾಗೆ ಎಲ್ಲಿಯೂ ಇಲ್ಲವೆಂದು ಖಚಿತಪಡಿಸಿದರು.

ಕೊನೆಗೆ ಸಾಬಣ್ಣ ಶಹಾಪುರಕ್ಕೆ ಹೋದಾಗ ಸುಲ್ತಾನಸಾಬರನ್ನು ಹುಡುಕಿದ. ಅವರು ಅಲ್ಲಿ ಚಹಾದ ಅಂಗಡಿ ಇಟ್ಟಿದ್ದರು, ಏಕೆಂದರೆ ಪಿಂಚಣಿ ಇನ್ನೂ ಬಂದಿರಲಿಲ್ಲ. ಯಾವ ರಾಜ್ಯ ಕೊಡಬೇಕೆಂಬುದು ಇತ್ಯರ್ಥವಾಗಬೇಕಿತ್ತು.

"ಸೀಟಿನ ಬುಡಕ ಒಂದು ಕಬ್ಬಿಣದ ಹಿಡಿ ಅದ ನೋಡು, ತಮ್ಮಾ" ಎಂದರು ಸುಲ್ತಾನಸಾಬರು. "ಅದನ್ನ ಎತ್ತಿ ಮುಂದಕ ಸರಿ. ಬೆನ್ನು ಪೂರಾ ಆನಿಸಿ ಕೂಡು. ಬ್ರೇಕು ಪೂರಾ ತುಳದಾಗೂ ಮೊಳಕಾಲು ಚೂರು ಮಡಚಿರಬೇಕು, ಅಷ್ಟ. ಕನ್ನಡಿ ಆಮ್ಯಾಲ. ಕೂತಲ್ಲಿಂದ ಹಿಂದಿನ ದಾರಿ ಕಾಣೂ ಹಂಗ ತಿರುವು. ಗಾಡಿ ನಿಂತಾಗ ಮಾಡು ಇದೆಲ್ಲ, ಓಡೂವಾಗಲ್ಲ."

ಸಾಬಣ್ಣ ಅಲ್ಲಿಯೇ ಮಾಡಿದ. ಬಳೆ ತೊಟ್ಟಷ್ಟು ಹೊತ್ತೂ ಹಿಡಿಯಲಿಲ್ಲ. ಭೀಮಾ ಹೊಳೆ ದಾಟಿ ಯಾದಗಿರಿಯವರೆಗೆ ಮೋಟಾರು ಪಳಗಿದ ಹೋರಿಯಂತೆ ಹೇಳಿದ ಮಾತು ಕೇಳಿತು. ಅವನಿಗೆ ದಾರಿಯುದ್ದಕ್ಕೂ ಹಾಡಬೇಕೆನಿಸಿತು, ಹಾಡಿದ ಕೂಡ.

ಮರುದಿನ ಬಸವಂತ್ರಾಯರು ಟೇಪು ಹಿಡಿದು ಬಂದು ನೋಡಿದರೆ ಅಂತರ ಹದಿನಾರೇ ಇಂಚು. ಹತ್ತು ಇಂಚು ಸರ್ಕಾರಿ ಅಂತರ ಕಾಣೆಯಾಗಿತ್ತು. ಸಾಬಣ್ಣನಿಗೆ ಕಾರಣ ಕೇಳುವ ನೋಟೀಸು ಬಂತು. ಸೀಟು ಹಿಂದಕ್ಕೆ ಹೋಯಿತು, ಹಿಡಿಗೆ ಅರಗಿನ ಮೊಹರು ಬಿತ್ತು. ಕನ್ನಡಿಗೂ ಒಂದು ಬಿತ್ತು.

ಭೀಮವ್ವ ಸುಮ್ಮನೆ ಕೂರುವವಳಲ್ಲ. ಮನೆಯ ಕೌದಿಯನ್ನು ಎಂಟು ಮಡಿಕೆ ಮಾಡಿ ಗಂಡನ ಬೆನ್ನಿಗೆ ಕೊಟ್ಟು ಕಳಿಸಿದಳು. ಅದು ಎರಡು ದಿನ ನಡೆಯಿತು. ಮೂರನೆಯ ದಿನ ಬಸವಂತ್ರಾಯರಿಗೆ ಅದು ಕಂಡಿತು, ಕಂಡದ್ದನ್ನು ಅವರು ಕಂಡಂತೆ ಬೇರೆ ಕಾಗದದಲ್ಲಿ ಬರೆದರು. ವಿವಾದಿತ ವಾಹನದೊಳಗೆ ಸಿಕ್ಕ ವಸ್ತು ವಿವಾದಿತ ವಸ್ತುವೇ. ಅದು ಮೂರು ರಾಜ್ಯಗಳಿಗೂ ಸೇರತಕ್ಕದ್ದು. ಕೌದಿಯ ತುಂಡುಗಳು ಯಾವ ಯಾವ ಊರಿನವೆಂದು ಭೀಮವ್ವನ ಹೇಳಿಕೆ ಪಡೆಯಲಾಯಿತು. ಚಿಕ್ಕಮ್ಮನ ಸೀರೆ ನಾರಾಯಣಪೇಟೆಯದಾದ್ದರಿಂದ ಆರು ತುಂಡು ಆಂಧ್ರಕ್ಕೆ, ಸೋದರಮಾವನ ಧೋತರ ಉದಗೀರಿನದಾದ್ದರಿಂದ ನಾಲ್ಕು ತುಂಡು ಮುಂಬಯಿಗೆ ಎಂದು ತಾತ್ಕಾಲಿಕವಾಗಿ ಗುರುತಿಸಿ, ಹೊಲಿಗೆ ಬಿಚ್ಚಲು ಅನುಮತಿ ಕೋರಿ ಬರೆದರು.

"ನನ್ನ ಕೌದಿ ಹೋದ್ರ ಹೋಗ್ಲಿ" ಎಂದಳು ಭೀಮವ್ವ ಮನೆಯಲ್ಲಿ. "ನೀವು ಉಳೀತೀರೋ ಇಲ್ಲೋ ಅದನ್ನ ಹೇಳ್ರಿ. ಬಿಟ್ಟುಬಿಡ್ರಿ ಈ ನೌಕರಿ."

"ಯುಗಾದಿಗೆ ಕಾಯಂ ಆಗ್ತದ, ತಡಿ" ಎಂದ ಸಾಬಣ್ಣ. ಅವನಿಗೂ ಹೆದರಿಕೆ ಇತ್ತು, ಆದರೆ ಕಾಯಂ ಎಂಬ ಮಾತು ಅದಕ್ಕಿಂತ ದೊಡ್ಡದಾಗಿತ್ತು.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಫೆಬ್ರವರಿಯಲ್ಲಿ ಸುರಪುರದ ಹಳೆಯ ಲೇವಿ ಧಾನ್ಯದ ಗೋದಾಮಿನಿಂದ ಕಬ್ಬಿಣದ ತೂಕದ ಕಲ್ಲುಗಳನ್ನು ಯಾದಗಿರಿಗೆ ತರುವ ಕೆಲಸ ಬಂತು. ಐದು ಸೇರಿನವು ಹನ್ನೆರಡು, ಒಂದು ಸೇರಿನವು ಇಪ್ಪತ್ತು, ಪ್ರತಿಯೊಂದಕ್ಕೂ ಅರಗಿನ ಮೊಹರು. ಲಾರಿಯ ಅನುಭವದಿಂದ ಸಾಬಣ್ಣ ಹೇಳಿದ: "ಭಾರದ ಸಾಮಾನು ಕೆಳಗ, ಸೀಟಿಗೆ ಒತ್ತಿ ಇಡೂಣರಿ. ಹಗ್ಗ ಬಿಗೀತೀನಿ. ತಲಿ ಹಿಂದ ಏನೂ ಇಡಬಾರದು, ಬ್ರೇಕು ಹೊಡದ್ರ ಅದು ನಿಲ್ಲೂದಿಲ್ಲ, ಬರ್ತದ."

"ನಿಯಮ ಏಳು" ಎಂದರು ಬಸವಂತ್ರಾಯರು. "ಪ್ರಯಾಣದಾಗ ಮೊಹರು ಸದಾ ಅಧಿಕಾರಿಗಳ ಕಣ್ಣಿಗೆ ಬೀಳುವಂತಿರತಕ್ಕದ್ದು. ಕೆಳಗಿಟ್ರ ಕಾಣೂದಿಲ್ಲ. ಹಗ್ಗ ಬಿಗಿದ್ರ ಮೊಹರಿನ ಮ್ಯಾಲ ಬರ್ತದ. ಮೊಹರು ಮುಟ್ಟಿದಂಗ ಆಗ್ತದ."

ಹೀಗಾಗಿ ಮೂವತ್ತೆರಡು ಕಲ್ಲುಗಳು ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆಯ ಮೇಲೆ, ಮಹಾದೇವಪ್ಪನವರ ತಲೆಯ ಹಿಂದೆ, ದಸರೆಯ ಗೊಂಬೆಗಳಂತೆ ಸಾಲಾಗಿ ಕುಳಿತವು. ಸುರಪುರದ ಇಳಿಜಾರು ಶುರುವಾಯಿತು. ಸಾಬಣ್ಣ ಮೊದಲು ರಸ್ತೆ ನೋಡಿದ. ಎದುರಿಗೆ ಎಮ್ಮೆಯೊಂದು ನಿಂತಿತ್ತು. ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡು ಕೆಳಗೆ ಜಾರಿ ಬ್ರೇಕು ತುಳಿದ. ಕಲ್ಲುಗಳು ಬಂದವು. ಅವುಗಳಲ್ಲಿ ಒಂದು ಸಾಹೇಬರ ಕುತ್ತಿಗೆಗೆ ಬಡಿದುಕೊಂಡು ಬಂತು, ಒಂದು ಉರುಳಿ ನೇರ ಬ್ರೇಕಿನ ಕೆಳಗೆ ಹೋಗಿ ಕುಳಿತುಕೊಂಡಿತು. ಎಮ್ಮೆ ತಾನಾಗಿಯೇ ಸರಿಯಿತು, ಅದಕ್ಕೆ ಯಾವ ಸುತ್ತೋಲೆಯೂ ಬಂದಿರಲಿಲ್ಲ. ಮೋಟಾರು ಇಳಿಜಾರಿನ ಬುಡದಲ್ಲಿದ್ದ ಜೋಳದ ಕಣಕಿಯ ಬಣವೆಯೊಳಗೆ ಹೊಕ್ಕು ನಿಂತಿತು.

ಕಣಕಿಯ ಕತ್ತಲೆಯಲ್ಲಿ ಸಾಬಣ್ಣ ತನ್ನ ನೌಕರಿ ಹೋಯಿತೆಂದು ತಿಳಿದು ಅತ್ತುಬಿಟ್ಟ. ಬಸವಂತ್ರಾಯರು ಕಡ್ಡಿ ಗೀರಲು ಹೋದದ್ದನ್ನು ಸಾಹೇಬರು ತಡೆದರು. ಆಮೇಲೆ ಹೊರಗೆ ಬಂದು ಮೂವತ್ತೆರಡೂ ಮೊಹರುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಒಂದೂ ಒಡೆದಿರಲಿಲ್ಲ.

"ಮೊಹರು ಒಡೆದಿಲ್ಲ. ಆದ್ದರಿಂದ ಅಪಘಾತ ಆಗಿಲ್ಲ" ಎಂದು ಮಹಾದೇವಪ್ಪನವರು ಬರೆಸಿದರು. ಕುತ್ತಿಗೆ ಎಡಕ್ಕೆ ತಿರುಗಿಯೇ ಇದ್ದುದರಿಂದ ರುಜುವನ್ನೂ ಎಡಗಡೆಗೇ ಹಾಕಿದರು. ಸಾಬಣ್ಣ ಅವರ ಕಾಲಿಗೆ ಬಿದ್ದ.

ಮಾರ್ಚಿನಲ್ಲಿ ಮೇಲಿನಿಂದ ತಪಾಸಣೆಯ ಪತ್ರ ಬಂತು. ಕರಿ ಮೋಟಾರಿನ ಪಟ್ಟಿಯಲ್ಲಿ ನಲವತ್ತೊಂದು ವಸ್ತುಗಳಿದ್ದು, ನೀವು ವರದಿ ಮಾಡುತ್ತಿರುವುದು ನಲವತ್ತು ಮಾತ್ರ. ನಲವತ್ತೊಂದನೆಯದು ಎಲ್ಲಿ? ಎಂಟು ದಿನದೊಳಗೆ ಹಾಜರುಪಡಿಸದಿದ್ದರೆ ಅಧಿಕಾರಿಯೇ ಹೊಣೆ. ಬಸವಂತ್ರಾಯರು ತಮ್ಮದೇ ಅಕ್ಷರದ ನಕಲನ್ನು ತೆಗೆದು ಓದಿದರು:

"41. ಸುಲ್ತಾನಸಾಬ, ಒಂದು. ಉದ್ದ ಆರು ಅಡಿ ಎರಡು ಇಂಚು. ಹಳೆಯದು, ಬಳಕೆಗೆ ಯೋಗ್ಯ. ಚಾಲಕನ ಸೀಟಿಗೆ ಒರಗಿಸಿ ಇಡಲಾಗಿದೆ. ಚಹಾದ ಕಪ್ಪು ಸಹಿತ."

"ಕಂಡದ್ದನ್ನ ಕಂಡಂಗ ಬರದೀನಿರಿ" ಎಂದರು ಬಸವಂತ್ರಾಯರು.

"ಸರಿಯಾಗಿಯೇ ಬರೆದಿದ್ದೀರಿ" ಎಂದರು ಸಾಹೇಬರು. "ಹೋಗಿ ತನ್ನಿ."

ಮೂವರೂ ಶಹಾಪುರಕ್ಕೆ ಹೋದರು. ಸುಲ್ತಾನಸಾಬರು ಪತ್ರವನ್ನು ಓದಿಸಿ ಕೇಳಿದರು, ಗಡ್ಡ ನೀವಿಕೊಂಡರು.

"ಮನಷ್ಯಾ ಆಗಿ ಐದು ತಿಂಗಳಾತು ಸಾಹೇಬ್ರ, ಪಿಂಚಣಿದು ಒಂದು ಪೈ ಕಂಡಿಲ್ಲ. ಸಾಮಾನಾದ್ರ ಏನ್ ಕೊಡ್ತೀರಿ?"

"ವಾಹನದ ಎಲ್ಲ ಭಾಗಗಳನ್ನೂ ಸುಸ್ಥಿತಿಯಲ್ಲಿಡುವುದು ಕಚೇರಿಯ ಕರ್ತವ್ಯ" ಎಂದರು ಮಹಾದೇವಪ್ಪನವರು. "ದಿನಕ್ಕೆ ಎರಡು ಊಟ, ಒಂದು ಚಹಾ. ಎಣ್ಣೆ, ಗ್ರೀಸಿನ ಬಾಬ್ತಿನಲ್ಲಿ ಹಾಕಬಹುದು."

ಸುಲ್ತಾನಸಾಬರು ಅಂಗಡಿಯ ಹಲಗೆ ಮುಚ್ಚಿ, ತಮ್ಮದೇ ಒಂದು ಕಪ್ಪು ತೆಗೆದುಕೊಂಡು ಮೋಟಾರಿಗೆ ಬಂದು, ಪಟ್ಟಿಯಲ್ಲಿದ್ದಂತೆ ಸೀಟಿಗೆ ಒರಗಿದರು. ಸೀಟು ಅವರದೇ ಮೈಯಳತೆಯಲ್ಲಿ ಅವರಿಗಾಗಿ ಕಾದಿತ್ತು.

"ಹಂಗಾದ್ರ ಇವರೇ ಓಡಸಲಿ ಬಿಡ್ರಿ" ಎಂದ ಸಾಬಣ್ಣ. ಮೋಟಾರಿನ ಕೀಲಿಕೈಯನ್ನು ಸಾಹೇಬರತ್ತ ಚಾಚಿದ.

"ಸಾಮಾನು ವಾಹನ ಓಡಿಸೋ ಹಾಗಿಲ್ಲ" ಎಂದರು ಸಾಹೇಬರು. "ಚಾಲಕ ನೀವು. ಹತ್ತಿ."

ಹತ್ತುವುದೆಲ್ಲಿ? ಸುಲ್ತಾನಸಾಬರ ಹೊಟ್ಟೆಗೂ ಸ್ಟೇರಿಂಗಿಗೂ ನಡುವೆ ಜಾಗ ಉಳಿದಿತ್ತು. ಸಾಬಣ್ಣ ಅಲ್ಲಿ, ಅವರ ತೊಡೆಯ ಮೇಲೆ, ಕುಳಿತ. ಬೆನ್ನು ಪೂರಾ ಆನಿತು. ಎತ್ತರಕ್ಕೆ ಕೂತದ್ದರಿಂದ ರಸ್ತೆ ಹೊಳೆಯವರೆಗೂ ಕಂಡಿತು. ಕಾಲು ಮಾತ್ರ ಗಾಳಿಯಲ್ಲಿ ಜೋತುಬಿದ್ದಿತ್ತು. ಬ್ರೇಕನ್ನು ಸುಲ್ತಾನಸಾಬರು ಒತ್ತಬಹುದೇ ಎಂಬ ಪ್ರಶ್ನೆ ಎದ್ದಿತು. ವಾಹನದ ಒಂದು ಭಾಗ ಇನ್ನೊಂದು ಭಾಗವನ್ನು ಒತ್ತುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ, ಯಂತ್ರಗಳಲ್ಲಿ ಅದು ಸಹಜವೇ ಎಂದು ಸಾಹೇಬರು ಅಭಿಪ್ರಾಯಪಟ್ಟರು.

ಇಳಿಸಿಕೊಳ್ಳುವ ಆದೇಶ ಇನ್ನೂ ಬಾರದೆ ಮೋಟಾರಿನಲ್ಲೇ ಉಳಿದಿದ್ದ ತೂಕದ ಕಲ್ಲುಗಳಿಗೂ ಪರಿಹಾರ ದೊರೆಯಿತು. ಕೈಯಿಂದ ಹಿಡಿಯುವುದು ಹಗ್ಗದಿಂದ ಕಟ್ಟಿದಂತಾಗುವುದಿಲ್ಲ. ಮಹಾದೇವಪ್ಪನವರು ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹಿಂದುಮುಂದಾಗಿ ಕುಳಿತು, ಎರಡೂ ತೋಳುಗಳಿಂದ ಕಲ್ಲುಗಳನ್ನು ತಬ್ಬಿಕೊಂಡರು. ಮೊಹರುಗಳು ಮೂಗಿನ ಎದುರಿಗೇ ಇದ್ದವು. ಹಿಂದಿನ ಕಿಟಕಿಯಿಂದ ರಸ್ತೆಯೂ ಅವರಿಗೇ ಕಾಣುತ್ತಿದ್ದುದರಿಂದ, ಮೊಹರು ಬಿದ್ದ ಕನ್ನಡಿಯ ಕೆಲಸವನ್ನೂ ಅವರೇ ಮಾಡುತ್ತಿದ್ದರು.

"ಬಸ್ಸೊಂದು ಬರ್ತಾ ಇದೆ, ಸಾಬಣ್ಣ."

"ಚಾಚಾ, ಬ್ರೇಕು."

"ಹಾಂ, ಒತ್ತಾಕತ್ತೀನಿ."

ಹೀಗೆ ಕರಿ ಮೋಟಾರು ಯಾದಗಿರಿ, ಶಹಾಪುರ, ಸುರಪುರದ ದಾರಿಯಲ್ಲಿ ಯುಗಾದಿಯವರೆಗೆ ಒಂದು ಕೋಳಿಯನ್ನೂ ಮುಟ್ಟದೆ ಓಡಿತು. ಮೊದಮೊದಲು ಜನ ನಿಂತು ನೋಡುತ್ತಿದ್ದರು. ಆಮೇಲೆ, ಸರ್ಕಾರದ್ದು ಇರಬಹುದು ಎಂದು ತಮ್ಮ ತಮ್ಮ ಹೊಲಕ್ಕೆ ಹೋದರು.

ಯುಗಾದಿಯ ಮುನ್ನಾದಿನ ಆದೇಶ ಬಂತು. ಚಾಲಕರ ಕಾಯಂ ಹುದ್ದೆಗಳು ಖಾಲಿ ಇರಲಿಲ್ಲ. ಆದರೆ ಬಸವಂತ್ರಾಯರು ಆ ವಾರ ಮೋಟಾರಿನ ಪಟ್ಟಿಯನ್ನು ನವೀಕರಿಸುವಾಗ ಕಂಡದ್ದನ್ನು ಕಂಡಂತೆಯೇ ಬರೆದಿದ್ದರು: "42. ಸಾಬಣ್ಣ, ಒಂದು. ಕ್ರಮಾಂಕ 41ರ ಮೇಲೆ ಇಡಲಾಗಿದೆ." ಪಟ್ಟಿಯಲ್ಲಿ ಸೇರಿದ ವಸ್ತುವನ್ನು ತೆಗೆಯುವ ಅಧಿಕಾರ ಯಾವ ರಾಜ್ಯಕ್ಕೂ ಇಲ್ಲವೆಂದು ಮೇಲಿನವರು ಒಪ್ಪಿದ್ದರು.

"ಅಭಿನಂದನೆಗಳು, ಸಾಬಣ್ಣ" ಎಂದರು ಮಹಾದೇವಪ್ಪನವರು, ಎಡಕ್ಕೆ ನೋಡುತ್ತ. "ಕಾಯಂ ಆದವರನ್ನೂ ತೆಗೆದದ್ದುಂಟು. ನಿಮ್ಮನ್ನು ಯಾರೂ ತೆಗೆಯೋಕಾಗಲ್ಲ."

ಭೀಮವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಹಬ್ಬದ ಮಧ್ಯಾಹ್ನ ಹೋಳಿಗೆ ಬಡಿಸಿ, ಮಣೆಯಿಂದ ತಾಟು ದೂರವಾಗಿರುವುದನ್ನು ಕಂಡು, "ಚೂರು ಮುಂದಕ ಸರೀರಿ, ಕೈ ಮುಟ್ಟೂದಿಲ್ಲ" ಎಂದಳು.

"ಬ್ಯಾಡ" ಎಂದ ಸಾಬಣ್ಣ. "ಹಾಕಿದಲ್ಲೇ ಇರಲಿ ಮಣಿ." ಎಂದವನೇ ಕೈಯನ್ನು ಉದ್ದಕ್ಕೆ ಚಾಚಿ, ಬೆರಳ ತುದಿಯಲ್ಲಿ ಹೋಳಿಗೆಯನ್ನು ಮುಟ್ಟಲು ನೋಡಿದ.

ಭೀಮವ್ವ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ತಾಟನ್ನೇ ಅವನ ಕಡೆಗೆ ಸರಿಸಿದಳು. ತಾಟು ಅವಳ ತವರಿನದು, ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ.